1968ರ ಬೇಸ್‌ಬಾಲ್: ಮೊದಲು ಗಿಬ್ಸನ್, ಸರಿ. ಎರಡನೇ ಜಾಗ ಯಾರಿಗೆ?

ಪ್ರಶ್ನೆ (ಎಡಗೈ ಬ್ಯಾಟರ್):

1968ರ ಮೇಜರ್ ಲೀಗ್ ಸೀಸನ್ನಿನ ಅತ್ಯುತ್ತಮ ಐದು ಆಟಗಾರರ ಪಟ್ಟಿ ಮಾಡುತ್ತಿದ್ದೇನೆ. ಮೊದಲ ಹೆಸರಿಗೆ ಯೋಚನೆಯೇ ಬೇಕಾಗಲಿಲ್ಲ. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವನು) ಬಾಬ್ ಗಿಬ್ಸನ್. ಇಆರ್‌ಎ 1.12. ಅಂದರೆ ಫೀಲ್ಡರ್‌ಗಳ ಎಡವಟ್ಟಿನಿಂದ ಬಂದ ರನ್ ಬಿಟ್ಟರೆ, ಒಂಬತ್ತು ಇನ್ನಿಂಗ್ಸ್‌ಗೆ ಅವನು ಕೊಟ್ಟಿದ್ದು ಒಂದು ರನ್ನಿಗಿಂತ ಚೂರು ಜಾಸ್ತಿ, ಅಷ್ಟೇ. 34 ಪಂದ್ಯಗಳಲ್ಲಿ ಮೊದಲ ಚೆಂಡು ಎಸೆದ, ಅದರಲ್ಲಿ 28ನ್ನು ಕೊನೇವರೆಗೂ ತಾನೇ ಎಸೆದು ಮುಗಿಸಿದ. 13 ಪಂದ್ಯಗಳಲ್ಲಿ ಎದುರಾಳಿಗೆ ಒಂದು ರನ್ನೂ ಸಿಗಲಿಲ್ಲ. ಇದರ ಮೇಲೆ ವಾದ ಮಾಡುವವರು ಯಾರೂ ಇಲ್ಲ ಅಂದುಕೊಂಡಿದ್ದೇನೆ.

ತಕರಾರು ಇರುವುದು ಎರಡನೇ ಜಾಗಕ್ಕೆ. ಎಲ್ಲರೂ ಕಣ್ಣುಮುಚ್ಚಿ ಡೆಟ್ರಾಯ್ಟ್ ಟೈಗರ್ಸ್‌ನ ಡೆನ್ನಿ ಮೆಕ್ಲೇನ್ ಹೆಸರು ಬರೆಯುತ್ತಾರೆ. 31 ಗೆಲುವು, 6 ಸೋಲು (ಬೇಸ್‌ಬಾಲ್‌ನಲ್ಲಿ ಪಂದ್ಯದ ಗೆಲುವು, ಸೋಲನ್ನು ಒಬ್ಬೊಬ್ಬ ಪಿಚರ್ ಹೆಸರಿಗೆ ಬರೆಯುತ್ತಾರೆ). 1934ರಲ್ಲಿ ಡಿಝಿ ಡೀನ್ 30 ಪಂದ್ಯ ಗೆದ್ದ ಮೇಲೆ ಮತ್ಯಾರೂ ಆ ಗೆರೆ ಮುಟ್ಟಿರಲಿಲ್ಲ. ಮೆಕ್ಲೇನ್ ಆದಮೇಲೂ ಇವತ್ತಿನವರೆಗೆ ಯಾರೂ ಮುಟ್ಟಿಲ್ಲ. ದೊಡ್ಡ ಸಾಧನೆ, ಒಪ್ಪುತ್ತೇನೆ. ಆದರೂ ನನ್ನ ಮನಸ್ಸು ಬಾಸ್ಟನ್‌ನ ಕಾರ್ಲ್ ಯಾಸ್ಟ್ರೆಮ್ಸ್ಕಿ ಕಡೆಗೇ ವಾಲುತ್ತಿದೆ.

ಆ ವರ್ಷ ಅಮೆರಿಕನ್ ಲೀಗ್‌ನಲ್ಲಿ (ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದು, ಇನ್ನೊಂದು ನ್ಯಾಷನಲ್ ಲೀಗ್) ಅವನ ಬ್ಯಾಟಿಂಗ್ ಸರಾಸರಿ .301, ಅಂದರೆ ಹತ್ತು ಪ್ರಯತ್ನಕ್ಕೆ ಸುಮಾರು ಮೂರು ಹಿಟ್ (ಚೆಂಡು ಹೊಡೆದು ಬೇಸ್ ಸೇರುವುದು). ಅದೇ ಲೀಗ್‌ನ ಅತಿ ಹೆಚ್ಚು ಸರಾಸರಿ! ಬೇರೆ ಯಾವ ವರ್ಷ ಆಗಿದ್ದರೂ .301ಕ್ಕೆ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಆ ವರ್ಷ ಮಾತ್ರ ಇಡೀ ಲೀಗ್‌ನಲ್ಲಿ .300 ದಾಟಿದವನು ಅವನೊಬ್ಬನೇ. ಎರಡನೇ ಜಾಗದಲ್ಲಿದ್ದ ಓಕ್ಲೆಂಡ್‌ನ ಡ್ಯಾನಿ ಕೇಟರ್ .290ಕ್ಕೇ ನಿಂತ. ಇಡೀ ಅಮೆರಿಕನ್ ಲೀಗ್‌ನ ಸರಾಸರಿ ಬರೀ .230. ಬೌಲರ್‌ಗಳೇ ಆಳುತ್ತಿರುವ ಪಿಚ್ ಮೇಲೆ ತಂಡವೆಲ್ಲ ನೂರರೊಳಗೆ ಮುದುರಿದಾಗ ಒಬ್ಬ ನಿಂತು ಹೊಡೆದ 60 ರನ್ನಿಗೆ ಕ್ರಿಕೆಟ್‌ನಲ್ಲಿ ನಾವು ಎಷ್ಟು ಬೆಲೆ ಕೊಡುತ್ತೇವೆ? ಇಲ್ಲಿ ಯಾಕೆ ಕೊಡುವುದಿಲ್ಲ?

ಆ ವರ್ಷ ಯಾಕೆ ಹಾಗಿತ್ತು ಅಂತ ಗೊತ್ತಿಲ್ಲದವರಿಗೆ ಒಂದೆರಡು ಮಾತು. 1963ರಲ್ಲಿ ಸ್ಟ್ರೈಕ್ ವಲಯವನ್ನು (ಈ ಜಾಗದಲ್ಲಿ ಬಂದ ಚೆಂಡನ್ನು ಬ್ಯಾಟರ್ ಬಿಟ್ಟರೂ ಅದು ಅವನ ವಿರುದ್ಧ ಒಂದು ಸ್ಟ್ರೈಕ್) ಬ್ಯಾಟರ್‌ನ ಭುಜದ ಮೇಲ್ಭಾಗದಿಂದ ಮೊಣಕಾಲಿನ ಕೆಳಭಾಗದವರೆಗೆ ಹಿಗ್ಗಿಸಿದರು. ಪಿಚರ್ ನಿಲ್ಲುವ ದಿಬ್ಬ 15 ಇಂಚು ಎತ್ತರ ಇರಬಹುದಿತ್ತು. ಮೇಲಿನಿಂದ ಇಳಿಜಾರಿನಲ್ಲಿ ಬರುವ ಚೆಂಡು, ಅದರ ಜೊತೆ ಅಷ್ಟು ದೊಡ್ಡ ಸ್ಟ್ರೈಕ್ ವಲಯ. ಬ್ಯಾಟರ್ ಏನು ಮಾಡಬೇಕು? 1968ರಲ್ಲಿ ಒಂದು ತಂಡ ಒಂದು ಪಂದ್ಯಕ್ಕೆ ಗಳಿಸಿದ್ದು ಸರಾಸರಿ 3.42 ರನ್. ಮುಂದಿನ ವರ್ಷವೇ ದಿಬ್ಬವನ್ನು 10 ಇಂಚಿಗೆ ಇಳಿಸಿ, ಸ್ಟ್ರೈಕ್ ವಲಯವನ್ನೂ ಕುಗ್ಗಿಸಿದರು. ನಿಯಮವನ್ನೇ ಬದಲಿಸಬೇಕಾಗಿ ಬಂದ ವರ್ಷ ಅದು.

ನಿಮ್ಮ ಎರಡನೇ ಹೆಸರು ಯಾರದ್ದು? ಕಾರಣ ಸಮೇತ ಹೇಳಿ.

ಉತ್ತರ 1 (ಟೈಗರ್ಸ್ ಅಭಿಮಾನಿ):

ಮೆಕ್ಲೇನ್. ಇದರಲ್ಲಿ ಎರಡು ಮಾತಿಲ್ಲ.

ಗೆಲುವಿನ ಲೆಕ್ಕ ಬಿಡಿ, ಬೇಕಾದರೆ ಪಕ್ಕಕ್ಕಿಡಿ. 41 ಪಂದ್ಯ ಶುರು ಮಾಡಿದ್ದಾನೆ. 162 ಪಂದ್ಯಗಳ ಸೀಸನ್ನಿನಲ್ಲಿ ಇದು ಹೆಚ್ಚುಕಡಿಮೆ ನಾಲ್ಕಕ್ಕೊಂದು. 336 ಇನ್ನಿಂಗ್ಸ್ ಎಸೆದಿದ್ದಾನೆ, ಗಿಬ್ಸನ್‌ಗಿಂತ 31 ಜಾಸ್ತಿ. ಇಷ್ಟೆಲ್ಲ ಎಸೆದೂ ಇಆರ್‌ಎ 1.96. ಇವತ್ತಿನ ಪಿಚರ್ 200 ಇನ್ನಿಂಗ್ಸ್ ಮುಟ್ಟಿದರೇ ಶಹಭಾಸ್ ಅನ್ನುತ್ತಾರೆ. ಅಮೆರಿಕನ್ ಲೀಗ್‌ನ ಎಂವಿಪಿ (ವರ್ಷದ ಅತ್ಯಮೂಲ್ಯ ಆಟಗಾರ), ಸೈ ಯಂಗ್ (ವರ್ಷದ ಅತ್ಯುತ್ತಮ ಪಿಚರ್) ಎರಡೂ ಪ್ರಶಸ್ತಿ ಸರ್ವಾನುಮತದಿಂದ ಅವನಿಗೇ ಬಂತು. ಓಟು ಹಾಕಿದವರು ವರ್ಷವಿಡೀ ಆಟ ನೋಡಿದವರು. ಒಬ್ಬನಾದರೂ ಯಾಸ್ಟ್ರೆಮ್ಸ್ಕಿ ಹೆಸರನ್ನು ಮೊದಲು ಬರೆಯಲಿಲ್ಲ ಅನ್ನುವುದು ಲೆಕ್ಕಕ್ಕೆ ಬರಬೇಕಲ್ವಾ?

ಇನ್ನೊಂದು ವಿಷಯ. ಬಾಸ್ಟನ್‌ನ ಫೆನ್ವೇ ಪಾರ್ಕ್ ಬ್ಯಾಟರ್‌ಗಳಿಗೆ ಅನುಕೂಲದ ಮೈದಾನ. .301ರಲ್ಲಿ ಆ ಮೈದಾನದ ಪಾಲೂ ಇದೆ.

ಉತ್ತರ 2 (ಹಳೇ ಸ್ಕೋರ್‌ಕಾರ್ಡ್):

ನೀವಿಬ್ಬರೂ ಕ್ಲೀವ್‌ಲೆಂಡ್‌ನ ಲೂಯಿಸ್ ಟಿಯಾಂಟ್ ಹೆಸರನ್ನೇ ಎತ್ತಲಿಲ್ಲ. ಅಮೆರಿಕನ್ ಲೀಗ್‌ನಲ್ಲಿ ಇಆರ್‌ಎ ಪಟ್ಟಿಯ ಮೊದಲ ಜಾಗ ಮೆಕ್ಲೇನ್‌ದಲ್ಲ, ಟಿಯಾಂಟ್‌ದು. 1.60. ಎದುರಾಳಿ ಬ್ಯಾಟರ್‌ಗಳು ಅವನ ಎದುರು ಹೊಡೆದ ಸರಾಸರಿ .168. ಈ ಎರಡನೇ ಅಂಕಿಯನ್ನು ಇನ್ನೊಮ್ಮೆ ಓದಿ.

ಜುಲೈ 3ರ ಪಂದ್ಯ ಒಂದೇ ಸಾಕು. ಎದುರಾಳಿ ಮಿನ್ನೆಸೋಟ ಟ್ವಿನ್ಸ್. ಒಂಬತ್ತು ಇನ್ನಿಂಗ್ಸ್ ಮುಗಿದರೂ ಎರಡೂ ಕಡೆ ಸೊನ್ನೆ. ಹತ್ತನೇ ಇನ್ನಿಂಗ್ಸ್‌ನಲ್ಲಿ ಟ್ವಿನ್ಸ್‌ನ ಇಬ್ಬರು ಮೊದಲ ಮತ್ತು ಮೂರನೇ ಬೇಸ್ ಸೇರಿಕೊಂಡರು, ಇನ್ನೂ ಒಬ್ಬನೂ ಔಟಾಗಿಲ್ಲ. ಚೆಂಡು ಒಂಚೂರು ದೂರ ಹೋದರೂ ರನ್ ಬಂದುಬಿಡುತ್ತದೆ. ಟಿಯಾಂಟ್ ಮುಂದಿನ ಮೂವರನ್ನೂ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಆಗಿ ಔಟ್) ಮಾಡಿದ. ಅವತ್ತು ಒಟ್ಟು 19 ಸ್ಟ್ರೈಕ್‌ಔಟ್. ಕೊನೆಗೆ ಕ್ಲೀವ್‌ಲೆಂಡ್ 1-0ಯಿಂದ ಗೆದ್ದಿತು.

ಅವನ ಲೆಕ್ಕ 21 ಗೆಲುವು, 9 ಸೋಲು. ಮೆಕ್ಲೇನ್ ಹಿಂದೆ ಇದ್ದಂಥ ಬ್ಯಾಟಿಂಗ್ ಇವನ ಹಿಂದೆ ಇರಲಿಲ್ಲ. ಆ ವರ್ಷ ಲೀಗ್‌ನಲ್ಲೇ ಅತಿ ಹೆಚ್ಚು ರನ್, ಅತಿ ಹೆಚ್ಚು ಹೋಮ್ ರನ್ ಹೊಡೆದ ತಂಡ ಡೆಟ್ರಾಯ್ಟ್. ಆ ತಂಡಕ್ಕೆ ಟಿಯಾಂಟ್ ಎಸೆದಿದ್ದರೆ ಏನಾಗುತ್ತಿತ್ತು, ನೀವೇ ಯೋಚಿಸಿ.

ಉತ್ತರ 3 (ಕ್ಯಾಚರ್ ಕಣ್ಣು):

ವರ್ಲ್ಡ್ ಸೀರೀಸ್ (ಸೀಸನ್ ಮುಗಿದ ಮೇಲೆ ಎರಡು ಲೀಗ್‌ಗಳ ಚಾಂಪಿಯನ್ ತಂಡಗಳ ನಡುವಿನ ಫೈನಲ್ ಸರಣಿ) ಲೆಕ್ಕಕ್ಕೆ ತಗೊಳ್ತೀರೋ ಇಲ್ವೋ, ಅದನ್ನು ಮೊದಲು ತೀರ್ಮಾನ ಮಾಡಿ. ತಗೊಂಡರೆ ಪಟ್ಟಿಯೇ ಬೇರೆ ಆಗುತ್ತದೆ. ಅಲ್ಲಿ ಮೂರು ಪಂದ್ಯ ಎಸೆದು ಮೂರನ್ನೂ ಪೂರ್ತಿ ಮುಗಿಸಿ ಗೆದ್ದವನು ಮೆಕ್ಲೇನ್ ಅಲ್ಲ, ಅವನದೇ ತಂಡದ ಮಿಕ್ಕಿ ಲೋಲಿಚ್. ಏಳನೇ ಪಂದ್ಯದಲ್ಲಿ ಗಿಬ್ಸನ್‌ನನ್ನೇ 4-1ರಿಂದ ಸೋಲಿಸಿದ.

ನನ್ನ ಮಟ್ಟಿಗೆ ಸೀಸನ್ ಅಂದರೆ ಸೀಸನ್ ಮಾತ್ರ. ಹಾಗಿದ್ದರೂ ಅಕ್ಟೋಬರ್ 2ರ ಮೊದಲ ಪಂದ್ಯ ಹೇಳದೆ ಇರಲಾಗದು. ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಗಿಬ್ಸನ್ ಟೈಗರ್ಸ್‌ನ ಆಲ್ ಕೇಲೈನ್‌ನನ್ನು ಸ್ಟ್ರೈಕ್‌ಔಟ್ ಮಾಡಿದಾಗ ಅದು ಅವತ್ತಿನ 15ನೆಯದು, ವರ್ಲ್ಡ್ ಸೀರೀಸ್‌ನ ಒಂದು ಪಂದ್ಯದಲ್ಲಿ ಸ್ಯಾಂಡಿ ಕೋಫ್ಯಾಕ್ಸ್ ಮಾಡಿದ್ದ 1963ರ ದಾಖಲೆಗೆ ಸಮ. ಜನ ಎದ್ದು ನಿಂತು ಕೂಗುತ್ತಿದ್ದಾರೆ. ಕ್ಯಾಚರ್ ಟಿಮ್ ಮೆಕಾರ್ವರ್ ಚೆಂಡು ಕೈಯಲ್ಲಿ ಹಿಡಿದು ಸ್ಕೋರ್‌ಬೋರ್ಡ್ ಕಡೆ ಬೆರಳು ತೋರಿಸುತ್ತಾನೆ. ಗಿಬ್ಸನ್‌ಗೆ ಅದು ಬೇಡ. ಚೆಂಡು ಕೊಡು ಅಂತ ಗದರಿಸಿದ. ಆಮೇಲೆ ನಾರ್ಮ್ ಕ್ಯಾಶ್, ವಿಲ್ಲಿ ಹಾರ್ಟನ್ ಇಬ್ಬರನ್ನೂ ಹಾಗೇ ಕಳಿಸಿ 17ಕ್ಕೆ ಮುಗಿಸಿದ.

ಪಟ್ಟಿಗೆ ನನ್ನ ಒಂದು ಹೆಸರು: ಟೈಗರ್ಸ್‌ನ ಕ್ಯಾಚರ್ ಬಿಲ್ ಫ್ರೀಹನ್. ಎಂವಿಪಿ ಓಟಿನಲ್ಲಿ ಮೆಕ್ಲೇನ್ ಹಿಂದೆಯೇ ಎರಡನೇ ಜಾಗ. 25 ಹೋಮ್ ರನ್, 84 ಆರ್‌ಬಿಐ (ತನ್ನ ಬ್ಯಾಟಿಂಗ್‌ನಿಂದ ತಂಡಕ್ಕೆ ತಂದುಕೊಟ್ಟ ರನ್). ಆ ಸೀಸನ್ನಿನಲ್ಲಿ 24 ಸಲ ಪಿಚರ್‌ನ ಚೆಂಡು ಮೈಗೆ ಬಡಿಸಿಕೊಂಡು ಮೊದಲ ಬೇಸ್‌ಗೆ ನಡೆದಿದ್ದಾನೆ. ಮೆಕ್ಲೇನ್‌ನ ಚೆಂಡುಗಳಿಗೆ ಪ್ಲೇಟ್ ಹಿಂದೆ ಕುಕ್ಕರಗಾಲಲ್ಲಿ ಕೂತು ಕೈ ಒಡ್ಡಿದವನೂ ಇವನೇ. 31 ಗೆಲುವಿನಲ್ಲಿ ಇವನ ಪಾಲು ಎಷ್ಟು ಅಂತ ಯಾವ ಅಂಕಿಅಂಶವೂ ಹೇಳುವುದಿಲ್ಲ.

ಎಡಗೈ ಬ್ಯಾಟರ್ (ಪ್ರಶ್ನೆ ಕೇಳಿದವರು):

ಎಲ್ಲರಿಗೂ ಥ್ಯಾಂಕ್ಸ್. ಫ್ರೀಹನ್ ವಿಷಯ ನನಗೆ ತುಂಬಾ ಹಿಡಿಸಿತು. ಅವನಿಗೆ ಒಂದು ಜಾಗ ಖಂಡಿತ. ಸೀರೀಸ್ ಹೊರಗಿಡೋಣ, ಸೀಸನ್ ಮಾತ್ರ.

ಟೈಗರ್ಸ್ ಅಭಿಮಾನಿಯವರೇ, ಫೆನ್ವೇ ಬಗ್ಗೆ ಹೇಳಿದ್ದು ನ್ಯಾಯವೇ. ಆದರೆ ಅದೇ ಮೈದಾನದಲ್ಲಿ ಅದೇ ತಂಡಕ್ಕೆ ಆಡಿದ ಕೆನ್ ಹ್ಯಾರೆಲ್ಸನ್ 35 ಹೋಮ್ ರನ್, 109 ಆರ್‌ಬಿಐ ಬಾರಿಸಿದ. ಅಂಥವನ ಸರಾಸರಿಯೇ .275. ಮೈದಾನ ಎಲ್ಲರಿಗೂ ಒಂದೇ. ಮತ್ತೆ ನಾನು .301 ಒಂದನ್ನೇ ನೋಡುತ್ತಿಲ್ಲ. ಯಾಸ್ಟ್ರೆಮ್ಸ್ಕಿ ಆ ವರ್ಷ 119 ವಾಕ್ (ವಲಯದ ಹೊರಗಿನ ನಾಲ್ಕು ಚೆಂಡು ಬಿಟ್ಟರೆ ಪುಕ್ಕಟೆ ಸಿಗುವ ಮೊದಲ ಬೇಸ್) ಪಡೆದ, ಅದೂ ಲೀಗ್‌ನಲ್ಲೇ ಅತಿ ಹೆಚ್ಚು. ಬ್ಯಾಟ್ ಹಿಡಿದು ಬಂದ ಹತ್ತರಲ್ಲಿ ನಾಲ್ಕಕ್ಕಿಂತ ಜಾಸ್ತಿ ಸಲ ಬೇಸ್ ಸೇರಿದ್ದಾನೆ. ಸ್ಟ್ರೈಕ್ ವಲಯ ಭುಜದವರೆಗೆ ಹಿಗ್ಗಿದ್ದ ಕಾಲದಲ್ಲಿ ಕೆಟ್ಟ ಚೆಂಡನ್ನು ಬಿಡುವ ಆ ತಾಳ್ಮೆ ನೋಡಿ. ಲೆಫ್ಟ್ ಫೀಲ್ಡ್‌ನಲ್ಲಿ ಆಡಿ ಗೋಲ್ಡ್ ಗ್ಲೋವ್ (ಅತ್ಯುತ್ತಮ ಫೀಲ್ಡಿಂಗ್ ಪ್ರಶಸ್ತಿ) ಕೂಡ ಗೆದ್ದ. ನಾಲ್ಕು ದಿನಕ್ಕೊಮ್ಮೆ ಅಲ್ಲ, ದಿನಾ ಆಡಿದವನು.

ಮೆಕ್ಲೇನ್‌ನ 30ನೇ ಗೆಲುವನ್ನೇ ತೆಗೆದುಕೊಳ್ಳಿ. ಸೆಪ್ಟೆಂಬರ್ 14, ಎದುರಾಳಿ ಓಕ್ಲೆಂಡ್, ಡಿಝಿ ಡೀನ್ ಕೂಡ ನೋಡಲು ಬಂದಿದ್ದ. ರೆಗ್ಗಿ ಜಾಕ್ಸನ್ ಅವನಿಗೆ ಎರಡು ಹೋಮ್ ರನ್ ಹೊಡೆದ. ಒಂಬತ್ತನೇ ಇನ್ನಿಂಗ್ಸ್‌ಗೆ ಬರುವಾಗ ಡೆಟ್ರಾಯ್ಟ್ 4-3ರಿಂದ ಹಿಂದಿತ್ತು. ಮೆಕ್ಲೇನ್ ಬದಲು ಬ್ಯಾಟ್ ಮಾಡಲು ಬಂದ ಕೇಲೈನ್ ವಾಕ್ ಪಡೆದ, ಸಮಬಲದ ರನ್ನನ್ನೂ ಅವನೇ ತಂದ. ಗೆಲುವಿನ ರನ್ ತಂದುಕೊಟ್ಟಿದ್ದು ಹಾರ್ಟನ್. ದಾಖಲೆ ಪುಸ್ತಕದಲ್ಲಿ ಗೆಲುವು ಮೆಕ್ಲೇನ್ ಹೆಸರಿಗೆ. ಅದೇ ಸೀಸನ್ನಿನಲ್ಲಿ ಷಿಕಾಗೋ ಕಬ್ಸ್‌ನ ಫರ್ಗಿ ಜೆಂಕಿನ್ಸ್ ಐದು ಪಂದ್ಯಗಳನ್ನು 1-0ಯಿಂದ ಸೋತ. ಒಂದು ರನ್ ಕೊಟ್ಟಿದ್ದಕ್ಕೆ ಸೋಲು! ಗಿಬ್ಸನ್ ಕೂಡ 1.12 ಇಟ್ಟುಕೊಂಡು 9 ಪಂದ್ಯ ಸೋತ. ಸೆಪ್ಟೆಂಬರ್ 17ರಂದು ಗೇಲಾರ್ಡ್ ಪೆರ್ರಿ ನೋ-ಹಿಟ್ಟರ್ (ಎದುರಾಳಿಗೆ ಒಂದೂ ಹಿಟ್ ಕೊಡದ ಪಂದ್ಯ) ಎಸೆದು ಅವನನ್ನು 1-0ಯಿಂದ ಸೋಲಿಸಿದ. ಗೆಲುವು ಸೋಲಿನ ಲೆಕ್ಕದಿಂದ ಪಿಚರ್‌ನನ್ನು ಅಳೆಯಬಾರದು ಅನ್ನುವುದಕ್ಕೆ ಈ ವರ್ಷಕ್ಕಿಂತ ಒಳ್ಳೆ ಸಾಕ್ಷಿ ನನಗಂತೂ ಸಿಕ್ಕಿಲ್ಲ.

ಹಾಗಂತ 336 ಇನ್ನಿಂಗ್ಸ್ ಸಣ್ಣದಲ್ಲ. ಟಿಯಾಂಟ್ ಎಸೆದಿದ್ದು ಅದಕ್ಕಿಂತ ಸುಮಾರು 78 ಕಡಿಮೆ. ಒಂದೊಂದು ಚೆಂಡಿನ ಮಟ್ಟಕ್ಕೆ ಟಿಯಾಂಟ್ ಮೇಲು, ಹೊತ್ತ ಭಾರಕ್ಕೆ ಮೆಕ್ಲೇನ್ ಮೇಲು. ನನಗೆ ಭಾರವೇ ಒಂದು ಕೂದಲೆಳೆಯಷ್ಟು ಜಾಸ್ತಿ ತೂಗುತ್ತದೆ.

ಹಾಗಾಗಿ ಗಿಬ್ಸನ್, ಯಾಸ್ಟ್ರೆಮ್ಸ್ಕಿ, ಮೆಕ್ಲೇನ್, ಟಿಯಾಂಟ್, ಐದನೆಯವನಾಗಿ ಫ್ರೀಹನ್. ಸ್ಯಾನ್ ಫ್ರಾನ್ಸಿಸ್ಕೋದ ವಿಲ್ಲಿ ಮೆಕೋವಿಯನ್ನು ಹೊರಗಿಟ್ಟಿದ್ದು ಮಾತ್ರ ಚುಚ್ಚುತ್ತಿದೆ. 36 ಹೋಮ್ ರನ್, 105 ಆರ್‌ಬಿಐ, ಎರಡರಲ್ಲೂ ನ್ಯಾಷನಲ್ ಲೀಗ್‌ಗೆ ಮೊದಲಿಗ.

ಉತ್ತರ 1 (ಟೈಗರ್ಸ್ ಅಭಿಮಾನಿ):

ಮೂರನೇ ಜಾಗ ನಾನು ಒಪ್ಪುವುದಿಲ್ಲ, ಆದರೆ ಐವರಲ್ಲಿ ಇಬ್ಬರು ನಮ್ಮ ಟೈಗರ್ಸ್‌ನವರು. ಮೆಕೋವಿಗೆ ಜಾಗ ಬೇಕಿದ್ದರೆ ಟಿಯಾಂಟ್‌ನನ್ನು ಇಳಿಸಿ, ಫ್ರೀಹನ್‌ನನ್ನು ಮುಟ್ಟಬೇಡಿ.

ಉತ್ತರ 2 (ಹಳೇ ಸ್ಕೋರ್‌ಕಾರ್ಡ್):

ಟಿಯಾಂಟ್‌ನನ್ನು ಇಳಿಸುವ ಮಾತೇ ಬೇಡ. .168!