ಅಮೆರಿಕದ ಅಂತರ್ಯುದ್ಧ: ದಕ್ಷಿಣದ ನೋಟು ಬಿದ್ದದ್ದೇಕೆ, ಉಪ್ಪಿಗೆ ಬರ ಬಂದದ್ದೇಕೆ?

ಪ್ರಶ್ನೆ | ಓದುಗ_61
1861–65ರ ಯುದ್ಧದಲ್ಲಿ ಎರಡೂ ಕಡೆಯವರು, ಅಂದರೆ ಒಕ್ಕೂಟದಲ್ಲೇ ಉಳಿದ ಉತ್ತರದವರು ಮತ್ತು ಅದರಿಂದ ಬೇರೆಯಾದ ದಕ್ಷಿಣದವರು, ಕಾಗದದ ನೋಟು ಅಚ್ಚು ಹಾಕಿದರು. ಉತ್ತರದ್ದು ಉಳಿಯಿತು, ದಕ್ಷಿಣದ್ದು ಕಸವಾಯಿತು. ಸೋತಿದ್ದೊಂದೇ ಕಾರಣವೇ? ಜೊತೆಗೆ, ದಕ್ಷಿಣದ ಮನೆಗಳಲ್ಲಿ ಉಪ್ಪಿಗಾಗಿ ಅಷ್ಟು ಪರದಾಡಿದ್ದೇಕೆ? ಬಲ್ಲವರು ತಿಳಿಸಿ.

ಬೊಕ್ಕಸ
ಸೋಲುವುದಕ್ಕೆ ಬಹಳ ಮೊದಲೇ ಆ ನೋಟು ಬಿದ್ದಿತ್ತು. ಅಚ್ಚು ಹಾಕಿ ಹಂಚಿದ ನೋಟು ತೆರಿಗೆಯಾಗಿ ಬೊಕ್ಕಸಕ್ಕೆ ಮರಳಬೇಕು, ದಕ್ಷಿಣದಲ್ಲಿ ಅದೇ ಆಗಲಿಲ್ಲ. 1861ರಲ್ಲಿ ಆಸ್ತಿಯ ಮೇಲೆ ಶೇ 0.5 ಯುದ್ಧ ತೆರಿಗೆ ಹಾಕಿದರು. ಬಹುತೇಕ ರಾಜ್ಯಗಳು ಅದನ್ನು ಜನರಿಂದ ವಸೂಲು ಮಾಡದೆ ಸಾಲ ಎತ್ತಿ, ತಾವೇ ನೋಟು ಹೊರಡಿಸಿ ಕಟ್ಟಿಬಿಟ್ಟವು. ಅಂದರೆ ಹಣ ಹಿಂದಕ್ಕೆ ಬರುವ ಬದಲು ಇನ್ನಷ್ಟು ಹೊರಬಿತ್ತು. ಒಟ್ಟು ಅಚ್ಚಾದದ್ದು 100 ಕೋಟಿ ಡಾಲರಿಗೂ ಮೇಲೆ. ಯುದ್ಧ ಮುಗಿಯುವಾಗ ಬೆಲೆಗಳು ಸುಮಾರು 90 ಪಟ್ಟು ಏರಿದ್ದವು.

ಉತ್ತರದವರು 1862ರ ಫೆಬ್ರುವರಿಯಲ್ಲಿ ಗ್ರೀನ್‌ಬ್ಯಾಕ್ ಎಂಬ ತಮ್ಮ ಕಾಗದದ ನೋಟು ತಂದರು. ಸಾಲ ತೀರಿಸಲು ಕೊಟ್ಟರೆ ಯಾರೂ ಬೇಡ ಅನ್ನುವಂತಿರಲಿಲ್ಲ. ಆದರೆ ಆಮದು ಸುಂಕವನ್ನು ಚಿನ್ನದಲ್ಲೇ ಕಟ್ಟಬೇಕು, ಬಾಂಡ್ (ಸರ್ಕಾರದ ಸಾಲಪತ್ರ) ಬಡ್ಡಿಯನ್ನು ಸರ್ಕಾರವೂ ಚಿನ್ನದಲ್ಲೇ ಕೊಡಬೇಕು ಎಂದು ನಿಯಮ ಮಾಡಿದರು. ಜಾಣತನವಿದ್ದದ್ದು ಇಲ್ಲಿ. ಸುಂಕವಾಗಿ ಬಂದ ಚಿನ್ನವೇ ಬಡ್ಡಿಗೆ ಒದಗುತ್ತಿತ್ತು, ಅದರಿಂದಲೇ ಬಾಂಡ್ ಮೇಲೆ ನಂಬಿಕೆ ಉಳಿಯಿತು. ಬ್ಯಾಂಕರ್ ಜೇ ಕುಕ್ 50 ಡಾಲರಿನ ಬಾಂಡನ್ನೂ ಸಾಮಾನ್ಯ ಜನರಿಗೆ ಮಾರಿದ. ಅದೇ ವರ್ಷ 600 ಡಾಲರಿಗೆ ಮೇಲ್ಪಟ್ಟ ಆದಾಯಕ್ಕೆ ಶೇ 3, 10,000 ದಾಟಿದರೆ ಶೇ 5 ತೆರಿಗೆ. ಹಾಗೆಂದು ಗ್ರೀನ್‌ಬ್ಯಾಕ್ ಅಲುಗಾಡಲೇ ಇಲ್ಲ ಅನ್ನಬೇಡಿ: 1864ರ ಜುಲೈನಲ್ಲಿ ಒಂದು ಡಾಲರಿಗೆ ಚಿನ್ನದ ಲೆಕ್ಕದಲ್ಲಿ 40 ಸೆಂಟೂ ಸಿಗುತ್ತಿರಲಿಲ್ಲ.

ಹೊಗೆಗೂಡು
ಉಪ್ಪಿನ ವಿಷಯ. ಹಂದಿಮಾಂಸವೇ ಅಲ್ಲಿನ ಮನೆಗಳ ವರ್ಷದ ಆಹಾರ. ಚಳಿಗಾಲದಲ್ಲಿ ಕಡಿದು, ಉಪ್ಪು ತಿಕ್ಕಿ, ಹೊಗೆ ಹಾಕಿ ತೂಗುಬಿಡುತ್ತಿದ್ದರು. ಉಪ್ಪು ಕಡಿಮೆಯಾದರೆ ತೊಡೆಯ ಭಾಗ ಮೂಳೆಯ ಪಕ್ಕದಿಂದಲೇ ಕೊಳೆಯುತ್ತದೆ, ಏಕೆಂದರೆ ಉಪ್ಪು ಒಳಗಿನವರೆಗೆ ಇಳಿದಿರುವುದಿಲ್ಲ. ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ಕತ್ತರಿಸಿದಾಗಲೇ ನಾತ ಬರುವುದು. ಯುದ್ಧಕ್ಕೆ ಮುಂಚೆ ಉಪ್ಪು ಬಹುಪಾಲು ಹೊರಗಿನಿಂದ ಬರುತ್ತಿತ್ತು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳಿಗೆ ಹಾಕಿದ ದಿಗ್ಬಂಧನ ಅದನ್ನು ತಡೆಯಿತು. ಒಳನಾಡಿನಲ್ಲಿ ಉಪ್ಪು ತಯಾರಿಸುತ್ತಿದ್ದ ವರ್ಜೀನಿಯಾದ ಸಾಲ್ಟ್‌ವಿಲ್ ಊರೇ ದೊಡ್ಡ ಆಸರೆ, ಆದರೆ ಸಾಗಿಸಲು ರೈಲು ಸಾಲದು.

ಹಾಗಾಗಿ ಮಾಂಸ ತೂಗುಹಾಕುವ ಕೋಣೆಯ ನೆಲವನ್ನೇ ಅಗೆದರು. ವರ್ಷಗಟ್ಟಲೆ ಉಪ್ಪುನೀರು ತೊಟ್ಟಿಕ್ಕಿದ ಮಣ್ಣದು. ಮಣ್ಣನ್ನು ತಳದಲ್ಲಿ ಸೋರುವ ಪೆಟ್ಟಿಗೆಗೆ ತುಂಬಿ, ಮೇಲಿಂದ ನೀರು ಹುಯ್ದು, ಕೆಳಗಿಳಿದ ಉಪ್ಪುನೀರನ್ನು ದೊಡ್ಡ ಕಡಾಯಿಯಲ್ಲಿ ಕುದಿಸುತ್ತಿದ್ದರು. ಮೇಲೆದ್ದ ಕೊಳೆನೊರೆಯನ್ನು ತೆಗೆಯುತ್ತಾ ಬತ್ತಿಸಿದರೆ ತಳದಲ್ಲಿ ಕಂದು ಬಣ್ಣದ ಉಪ್ಪು. ಮಣ್ಣಿನ ಸತ್ವ ಒಮ್ಮೆ ಮುಗಿದರೆ ಮುಗಿಯಿತು, ಮರುವರ್ಷಕ್ಕೆ ಅದು ಆಗದು.

ಬೊಕ್ಕಸ
ಹೊಗೆಗೂಡು ಅವರ ಮಾತಿಗೆ ಸೇರಿಸುವುದು: ಮಾಂಸ ಉಳಿದರೂ ಅದರಲ್ಲಿ ಸರ್ಕಾರಕ್ಕೆ ಪಾಲಿತ್ತು. ನೋಟು ಬೇಡವಾದಾಗ 1863ರ ಏಪ್ರಿಲ್‌ನಲ್ಲಿ ದವಸ, ಮಾಂಸದ ರೂಪದ ತೆರಿಗೆ ತಂದರು. ಮನೆಬಳಕೆಗೆ 100 ಬುಶೆಲ್ (ಧಾನ್ಯದ ಅಳತೆ, ಸುಮಾರು 35 ಲೀಟರ್) ಮೆಕ್ಕೆಜೋಳ ಅಥವಾ 50 ಬುಶೆಲ್ ಗೋಧಿ ಬಿಟ್ಟು, ಮಿಕ್ಕಿದ್ದರಲ್ಲಿ ಹತ್ತನೇ ಒಂದು ಪಾಲು. ಇದರ ಮೇಲೆ ಸೈನ್ಯ ತನಗೆ ಬೇಕಾದ್ದನ್ನು ಮಾರುಕಟ್ಟೆಗಿಂತ ಕಡಿಮೆ ದರಕ್ಕೆ ಜಪ್ತಿ ಮಾಡುತ್ತಿತ್ತು. ದಾರಿಯಲ್ಲೇ ಗಾಡಿ ಹಿಡಿಯುತ್ತಾರೆ ಎಂದು ರೈತರು ಪೇಟೆಗೆ ಬರುವುದನ್ನೇ ಬಿಟ್ಟರು. ದಕ್ಷಿಣದ ರಾಜಧಾನಿ ರಿಚ್ಮಂಡಿನಲ್ಲಿ 1863ರ ಏಪ್ರಿಲ್ 2ರಂದು ಹೆಂಗಸರು ರೊಟ್ಟಿಗಾಗಿ ಅಂಗಡಿ ಒಡೆದದ್ದು ಈ ಹೊತ್ತಿನಲ್ಲೇ.

ಓದುಗ_61
ಧನ್ಯವಾದ. ಹೊಲ ಮಾಡಲು ಗಂಡಸರೇ ಇರಲಿಲ್ಲವಲ್ಲ?

ಹೊಗೆಗೂಡು
ಹೌದು, 1862ರ ಏಪ್ರಿಲ್‌ನಿಂದ 18–35ರ ಬಿಳಿಯ ಗಂಡಸರಿಗೆ ಕಡ್ಡಾಯ ಭರ್ತಿ. ಅಕ್ಟೋಬರಿನಲ್ಲಿ, 20 ಅಥವಾ ಹೆಚ್ಚು ಗುಲಾಮರಿದ್ದ ತೋಟಕ್ಕೆ ಒಬ್ಬ ಬಿಳಿಯನಿಗೆ ವಿನಾಯಿತಿ ಕೊಟ್ಟರು. ಗುಲಾಮರಿಲ್ಲದ ಮನೆಯಲ್ಲಿ ನೇಗಿಲು ಹಿಡಿಯಲು ಹೆಂಗಸರು, ಮಕ್ಕಳೇ. ಸಣ್ಣ ರೈತರಿಗೆ ಈ ಅನ್ಯಾಯ ಸುಟ್ಟಷ್ಟು ಬೇರೇನೂ ಸುಡಲಿಲ್ಲ. ಇತ್ತ ಗುಲಾಮರೂ ಉತ್ತರದ ಸೈನ್ಯ ಸಮೀಪಿಸಿದ ಕಡೆಯೆಲ್ಲ ತೋಟ ಬಿಟ್ಟು ಹೊರಟರು. 1861ರ ಮೇನಲ್ಲೇ, ವರ್ಜೀನಿಯಾದಲ್ಲಿದ್ದರೂ ಉತ್ತರದವರ ಕೈಯಲ್ಲಿದ್ದ ಮನ್ರೋ ಕೋಟೆಯಲ್ಲಿ ಇದು ಶುರುವಾಗಿತ್ತು. ಉತ್ತರದಲ್ಲೂ ಹಣವಿದ್ದವನು 300 ಡಾಲರ್ ಕಟ್ಟಿ ಭರ್ತಿ ತಪ್ಪಿಸಿಕೊಳ್ಳಬಹುದಿತ್ತು. ಅದು ಕೂಲಿಯವನ ಹೆಚ್ಚುಕಡಿಮೆ ಒಂದು ವರ್ಷದ ಗಳಿಕೆ.