ತುದಿ = ತುದಿ++ % 8: ಕಂಪ್ಯೂಟರಿನಲ್ಲಿ ಒಂದು ಫಲ, ಬೋರ್ಡಿನಲ್ಲಿ ಇನ್ನೊಂದು

ತಾಪಮಾಪಿ:

ಸಿ ಭಾಷೆಯಲ್ಲಿ ಎಂಟು ಮನೆಗಳ ಒಂದು ರಿಂಗ್ ಬಫರ್ (ಕೊನೆಯ ಮನೆ ತುಂಬಿದ ಮೇಲೆ ಮತ್ತೆ ಮೊದಲ ಮನೆಯಿಂದ ತುಂಬುವ ಪೆಟ್ಟಿಗೆ) ಬರೆದುಕೊಂಡಿದ್ದೇನೆ. ಸೆನ್ಸರಿನಿಂದ ಬರುವ ತಾಪಮಾನವನ್ನು ಟೈಮರ್ ಇಂಟರಪ್ಟ್ (ನಡೆಯುತ್ತಿರುವ ಕೆಲಸವನ್ನು ತಡೆದು ನಡುವೆ ಓಡುವ ತುಣುಕು) ಅದರಲ್ಲಿ ತುಂಬುತ್ತದೆ, ಮುಖ್ಯ ಲೂಪ್ ಒಂದೊಂದಾಗಿ ತೆಗೆದು ಸರಾಸರಿ ಹಾಕುತ್ತದೆ. ತುಂಬುವ ಭಾಗ ಹೀಗಿದೆ. ಓದಲು ಅನುಕೂಲವಾಗಲೆಂದು ಹೆಸರುಗಳನ್ನು ಕನ್ನಡಕ್ಕೆ ಬದಲಿಸಿದ್ದೇನೆ. ತುದಿ ಎಂದರೆ ಮುಂದಿನ ಅಂಕಿ ಬೀಳುವ ಮನೆಯ ಸಂಖ್ಯೆ, ಎಣಿಕೆ ಎಂದರೆ ಪೆಟ್ಟಿಗೆಯಲ್ಲಿ ಎಷ್ಟು ಅಂಕಿಗಳಿವೆ ಎಂಬುದು, % ಎಂದರೆ ಭಾಗಿಸಿ ಉಳಿದ ಶೇಷ.

ಪೆಟ್ಟಿಗೆ[ತುದಿ] = ಅಂಕಿ;
ತುದಿ = ತುದಿ++ % 8;
ಎಣಿಕೆ++;

ಕಂಪ್ಯೂಟರಿನಲ್ಲಿ ಜಿಸಿಸಿ ಎಂಬ ಕಂಪೈಲರ್‌ನಿಂದ ಕಂಪೈಲ್ ಮಾಡಿ ನಡೆಸಿದರೆ ತುದಿ ಸೊನ್ನೆ ಬಿಟ್ಟು ಅಲುಗಾಡುವುದಿಲ್ಲ. ಬೋರ್ಡಿನಲ್ಲಿರುವುದು ಎಂಟು ಬಿಟ್ ಚಿಪ್, ಅದಕ್ಕೆ ಅದರದೇ ಹಳೆಯ ಕಂಪೈಲರ್. ಅಲ್ಲಿ ಎಲ್ಲವೂ ಬಹುಮಟ್ಟಿಗೆ ಸರಿಯಾಗಿ ಕಾಣುತ್ತದೆ. ಆದರೆ ಪೆಟ್ಟಿಗೆಯ ಪಕ್ಕದಲ್ಲೇ ಘೋಷಿಸಿದ ‘ಮಿತಿ’ ಎಂಬ ವೇರಿಯಬಲ್‌ಗೆ ನಾನು ಕೊಟ್ಟಿದ್ದ 40 ಮಾಯವಾಗಿ 27, ಸ್ವಲ್ಪ ಹೊತ್ತಿಗೆ 28, ಮತ್ತೆ 27 ಎಂದು ಕುಣಿಯುತ್ತಿರುತ್ತದೆ. ಮಿತಿಯನ್ನು ಬದಲಿಸುವ ಸಾಲು ಇಡೀ ಪ್ರೋಗ್ರಾಮಿನಲ್ಲಿ ಎಲ್ಲಿಯೂ ಇಲ್ಲ. ಸೆನ್ಸರ್ ಬದಲಿಸಿದೆ, ತಂತಿಗಳನ್ನು ಬದಲಿಸಿದೆ, ಎರಡು ರಾತ್ರಿ ನಿದ್ದೆಯನ್ನೂ ಕೊಟ್ಟೆ. ಪೋಸ್ಟ್‌ಫಿಕ್ಸ್ (ಹೆಸರಿನ ನಂತರ ಬರುವ ++) ಎಂದರೆ ‘ಮೊದಲು ಬಳಸು, ನಂತರ ಹೆಚ್ಚಿಸು’ ಎಂದಲ್ಲವೇ? ಹಾಗಾದರೆ ಯಾವ ಕಂಪೈಲರ್ ತಪ್ಪು?

ಅರ್ಧವಿರಾಮ:

ಎರಡೂ ಸರಿ. ತಪ್ಪು ಇರುವುದು ಎರಡನೆಯ ಸಾಲಿನಲ್ಲಿ.

‘ಮೊದಲು ಬಳಸು, ನಂತರ ಹೆಚ್ಚಿಸು’ ಎಂಬ ಪಾಠದಲ್ಲಿ ‘ನಂತರ’ ಎಂದರೆ ಯಾವಾಗ ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ತುದಿ++ ಎಂಬುದರಲ್ಲಿ ಎರಡು ಕೆಲಸಗಳಿವೆ. ಒಂದು, ಹಳೆಯ ಬೆಲೆಯನ್ನು ಸುತ್ತಲಿನ ಲೆಕ್ಕಕ್ಕೆ ಕೊಡುವುದು. ಇನ್ನೊಂದು, ಒಂದು ಕೂಡಿಸಿದ ಬೆಲೆಯನ್ನು ಮೆಮೊರಿಗೆ ಬರೆಯುವುದು. ಮೊದಲನೆಯದರಲ್ಲಿ ಗೊಂದಲವಿಲ್ಲ. ಎರಡನೆಯದು ಮುಂದಿನ ಸೀಕ್ವೆನ್ಸ್ ಪಾಯಿಂಟ್ (ಅಲ್ಲಿಯವರೆಗಿನ ಬರಹಗಳೆಲ್ಲ ಮುಗಿದಿರಲೇಬೇಕಾದ ಜಾಗ) ಬರುವುದರೊಳಗೆ ಆಗಿರಬೇಕು ಎಂದಷ್ಟೇ ನಿಯಮ. ನಿಮ್ಮ ಸಾಲಿನಲ್ಲಿ ಆ ಗಡುವು ಕೊನೆಯ ಅರ್ಧವಿರಾಮ ಚಿಹ್ನೆ. ಅದೇ ಗಡುವಿನೊಳಗೆ ಸಮ ಚಿಹ್ನೆಯೂ ಅದೇ ತುದಿಗೆ ಬರೆಯಬೇಕು. ಒಂದೇ ವೇರಿಯಬಲ್‌ಗೆ ಎರಡು ಬರಹ, ಅವುಗಳ ನಡುವೆ ಸರದಿ ಗೊತ್ತುಮಾಡಿಲ್ಲ. ಇಂಥದ್ದನ್ನು ಸಿ ಮಾನಕ ‘ಅನ್‌ಡಿಫೈನ್ಡ್ ಬಿಹೇವಿಯರ್’ ಎನ್ನುತ್ತದೆ. ಕಂಪೈಲರ್ ಏನು ಮಾಡಿದರೂ ಅದರ ಮೇಲೆ ದೂರು ಕೊಡುವಂತಿಲ್ಲ.

ಜಿಸಿಸಿ ಮೊದಲು ಹೆಚ್ಚಳವನ್ನು ಬರೆದು, ಅದರ ಮೇಲೆ 0 % 8 ಅನ್ನು ಬರೆಯಿತು. ಹೆಚ್ಚಳ ಅಳಿಸಿಹೋಯಿತು, ತುದಿ ಸೊನ್ನೆಯಲ್ಲೇ ಉಳಿಯಿತು. ಬೋರ್ಡಿನ ಕಂಪೈಲರ್ ಇದನ್ನೇ ತಿರುವುಮುರುವು ಮಾಡಿರಬೇಕು. ಕಾಗದದ ಮೇಲೆ ಒಂದು ಸುತ್ತು ನಡೆಸಿ ನೋಡಿ. ತುದಿ 0 ಇದ್ದಾಗ 0 % 8 ಎಂದರೆ 0, ಅದನ್ನು ಬರೆದ ಮೇಲೆ ಒಂದು ಹೆಚ್ಚಿಸಿದರೆ 1. ಹೀಗೆಯೇ 2, 3, ಕೊನೆಗೆ 7. ಈಗ 7 % 8 ಎಂದರೆ 7, ಹೆಚ್ಚಿಸಿದರೆ 8. ಎಂಟು ಮನೆಗಳ ಪೆಟ್ಟಿಗೆಯಲ್ಲಿ 8 ಎಂಬ ಮನೆಯೇ ಇಲ್ಲ, ಕೊನೆಯದು 7. ಮುಂದಿನ ಅಂಕಿ ಹೋಗಿ ಕೂರುವುದು ಪೆಟ್ಟಿಗೆಯ ಗೋಡೆಯಾಚೆ, ಅಂದರೆ ನಿಮ್ಮ ಮಿತಿಯ ತಲೆಯ ಮೇಲೆ. ಆಮೇಲೆ 8 % 8 ಸೊನ್ನೆ, ಹೆಚ್ಚಿಸಿದರೆ 1. ಅಲ್ಲಿಂದ ಮುಂದೆ 1ರಿಂದ 8ರವರೆಗೆ ಸುತ್ತುತ್ತಲೇ ಇರುತ್ತದೆ. 0 ಎಂಬ ಮನೆಗೆ ಮೊದಲ ಸಲ ಬಿಟ್ಟರೆ ಮತ್ತೆಂದೂ ಅಂಕಿ ಬೀಳುವುದಿಲ್ಲ. ಮಿತಿಯಲ್ಲಿ ಕಂಡ 27, 28 ನಿಮ್ಮ ಕೋಣೆಯ ತಾಪಮಾನವೇ ಇರಬೇಕಲ್ಲವೇ?

ಹೀಗೆ ಬರೆಯಿರಿ:

ತುದಿ = (ತುದಿ + 1) % 8;

ತಾಪಮಾಪಿ:

ಹೌದು, ತಾಪಮಾನವೇ! ಡೀಬಗರಿನಲ್ಲಿ ನೋಡಿದೆ, 0 ಎಂಬ ಮನೆಯಲ್ಲಿ ಬೋರ್ಡ್ ಚಾಲೂ ಮಾಡಿದಾಗಿನ ಮೊದಲ ಅಂಕಿ ಹಾಗೆಯೇ ಕುಳಿತಿದೆ. ಸಾಲನ್ನು ಬದಲಿಸಿದೆ, ಮಿತಿ ಈಗ 40ರಲ್ಲೇ ನಿಂತಿದೆ. ಒಂದು ಸಂದೇಹ: ++ತುದಿ % 8 ಎಂದು ಪ್ರಿಫಿಕ್ಸ್ ಹಾಕಿದ್ದರೆ ಸರಿಹೋಗುತ್ತಿತ್ತೇ?

ಅರ್ಧವಿರಾಮ:

ಬಹಳಷ್ಟು ಕಂಪೈಲರುಗಳಲ್ಲಿ ಸರಿಯಾದ ಉತ್ತರವೇ ಬರುತ್ತಿತ್ತು, ಅದೇ ಅಪಾಯ. ಸಿ ನಿಯಮದಲ್ಲಿ ಅದೂ ಅಷ್ಟೇ ತಪ್ಪು. ಎಡಗಡೆಗೆ ಬರೆಯುವ ವೇರಿಯಬಲ್‌ನ ಮೇಲೆಯೇ ಬಲಗಡೆ ++ ಹಾಕಬೇಡಿ. ಒಂದು ಹೆಚ್ಚಿಸಬೇಕಾದರೆ ತುದಿ++ ಒಂದೇ ಸಾಕು, ಸಮ ಚಿಹ್ನೆ ಬೇಡ. ಸಮ ಚಿಹ್ನೆ ಬೇಕಾದರೆ + 1 ಎಂದು ಬರೆಯಿರಿ.

ಇನ್ನೊಂದು ಮಾತು. ಜಿಸಿಸಿಗೆ ‘ವಾಲ್’ (-Wall) ಎಂಬ, ಎಚ್ಚರಿಕೆಗಳನ್ನು ತೋರಿಸುವ ಫ್ಲ್ಯಾಗ್ ಕೊಟ್ಟಿದ್ದರೆ ಈ ಸಾಲನ್ನೇ ತೋರಿಸಿ ‘ಇದರ ಫಲ ನಿಶ್ಚಿತವಲ್ಲದಿರಬಹುದು’ ಎಂದು ಎಚ್ಚರಿಸುತ್ತಿತ್ತು. ಕ್ಲಾಂಗ್ ಎಂಬ ಇನ್ನೊಂದು ಕಂಪೈಲರ್ ಯಾವ ಫ್ಲ್ಯಾಗ್ ಇಲ್ಲದೆಯೇ ಎಚ್ಚರಿಸುತ್ತದೆ. ಎರಡು ರಾತ್ರಿಯ ನಿದ್ದೆ ಉಳಿಯುತ್ತಿತ್ತು.

ಹೊಸಕಲಿಕೆ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಪ್ರಶ್ನೆಪತ್ರಿಕೆಯಲ್ಲಿ ‘ಅ = 5 ಆದರೆ ಅ++ + ++ಅ ಎಷ್ಟು?’ ಎಂದು ಕೇಳಿದ್ದರು. ಸರಿಯುತ್ತರ 12 ಎಂದು ಕೊಟ್ಟಿದ್ದಾರೆ. ಮೇಲೆ ಹೇಳಿದ್ದನ್ನು ನೋಡಿದರೆ ಇದಕ್ಕೆ ಉತ್ತರವೇ ಇಲ್ಲವೇ?

ಬಿಟ್‌ಗಣಿತ:

ಸಿ ಭಾಷೆಯಲ್ಲಿ ಇಲ್ಲ. ಕೂಡಿಸುವ ಚಿಹ್ನೆಯ ಎಡ ಬಲಗಳಲ್ಲಿ ಯಾವುದನ್ನು ಮೊದಲು ಲೆಕ್ಕ ಹಾಕಬೇಕೆಂಬ ನಿಯಮವಿಲ್ಲ, ಎರಡೂ ಕಡೆ ಅ ಬದಲಾಗುತ್ತಿದೆ. ಜಾವಾದಲ್ಲಿ ಕೇಳಿದ್ದರೆ 12 ಖಚಿತ: ಅಲ್ಲಿ ಎಡದಿಂದ ಬಲಕ್ಕೆ ಎಂದು ಭಾಷೆಯೇ ಗೊತ್ತುಮಾಡಿದೆ, 5 ಮತ್ತು 7. ಇಂಥ ಪ್ರಶ್ನೆ ಕೇಳುವವರು ತಮ್ಮ ಕಂಪ್ಯೂಟರಿನಲ್ಲಿ ಬಂದದ್ದನ್ನೇ ಭಾಷೆಯ ನಿಯಮವೆಂದು ನಂಬಿಬಿಟ್ಟಿರುತ್ತಾರೆ. ಅಂಕ ಬೇಕಾದರೆ 12 ಬರೆಯಿರಿ, ಕೆಳಗೆ ಒಂದು ಸಾಲು ಆಕ್ಷೇಪವನ್ನೂ ಬರೆಯಿರಿ.

ತಮಾಷೆಯ ವಿಷಯವೆಂದರೆ ಸಿ++ ಭಾಷೆಯ 2017ರ ಆವೃತ್ತಿಯಲ್ಲಿ ತಾಪಮಾಪಿಯವರ ಸಾಲಿಗೆ ಖಚಿತವಾದ ಅರ್ಥ ಸಿಕ್ಕಿದೆ. ಅಲ್ಲಿ ಸಮ ಚಿಹ್ನೆಯ ಬಲಗಡೆಯದು ಪೂರ್ತಿ ಮುಗಿದ ಮೇಲೆಯೇ ಎಡಗಡೆಗೆ ಬರಹ. ಪರಿಣಾಮ? ತುದಿ ಎಂದೆಂದಿಗೂ ಸೊನ್ನೆಯಲ್ಲೇ. ನಿಯಮಬದ್ಧವಾಗಿ ತಪ್ಪು ಉತ್ತರ! ಅ++ + ++ಅ ಮಾತ್ರ ಅಲ್ಲಿಯೂ ಅನಾಥವೇ.

ಅಂದಹಾಗೆ ತಾಪಮಾಪಿಯವರೇ, ಹೆಸರುಗಳನ್ನು ನಮಗೋಸ್ಕರ ಬದಲಿಸಬೇಕಾಗಿರಲಿಲ್ಲ. ಜಿಸಿಸಿ 10ರಿಂದ ಈಚೆಗೆ ‘ತುದಿ’ ಎಂದೇ ವೇರಿಯಬಲ್‌ಗೆ ಹೆಸರಿಡಬಹುದು.

ತಾಪಮಾಪಿ:

ಮತ್ತೆ ಬಂದೆ. ಮಿತಿ ಸರಿಯಾಗಿದೆ, ಪೆಟ್ಟಿಗೆಯೂ ಸರಿಯಾಗಿದೆ. ಆದರೆ ಒಂದೆರಡು ಗಂಟೆ ನಡೆದ ಮೇಲೆ ಎಣಿಕೆ ಹಳಿ ತಪ್ಪುತ್ತದೆ. ಪೆಟ್ಟಿಗೆಯಲ್ಲಿ ಒಂದು ಅಂಕಿ ಇದ್ದರೂ ಎಣಿಕೆ 0 ಎನ್ನುತ್ತದೆ. ಇಂಟರಪ್ಟ್‌ನಲ್ಲಿ ಎಣಿಕೆ++, ಮುಖ್ಯ ಲೂಪಿನಲ್ಲಿ ತೆಗೆದ ಮೇಲೆ ಎಣಿಕೆ--. ಎರಡೂ ಒಂಟಿ ಸಾಲುಗಳು, ಸಮ ಚಿಹ್ನೆಯ ಸುಳಿವೂ ಇಲ್ಲ. ಎಣಿಕೆಯನ್ನು ವೊಲಟೈಲ್ ಎಂದೇ ಘೋಷಿಸಿದ್ದೇನೆ.

ಬಿಟ್‌ಗಣಿತ:

ಇದು ಬೇರೆ ರೋಗ, ಸಾಲಿನ ವ್ಯಾಕರಣದಲ್ಲಿ ದೋಷವಿಲ್ಲ. ಎಣಿಕೆ-- ಬರೆಯುವಾಗ ಒಂದೇ ಚಿಹ್ನೆ, ಚಿಪ್‌ನಲ್ಲಿ ಮಾತ್ರ ಮೂರು ಹೆಜ್ಜೆ: ಮೆಮೊರಿಯಿಂದ ರಿಜಿಸ್ಟರಿಗೆ (ಚಿಪ್ ಲೆಕ್ಕ ಮಾಡುವ ಪುಟ್ಟ ಜಾಗಕ್ಕೆ) ತರುವುದು, ಒಂದು ಕಳೆಯುವುದು, ತಿರುಗಿ ಬರೆಯುವುದು. ಎಣಿಕೆ 5 ಇದೆ ಎನ್ನಿ. ಮುಖ್ಯ ಲೂಪ್ 5 ಅನ್ನು ರಿಜಿಸ್ಟರಿಗೆ ತಂದುಕೊಂಡಿತು. ಅದೇ ಕ್ಷಣ ಇಂಟರಪ್ಟ್ ನುಗ್ಗಿ ಮೆಮೊರಿಯಲ್ಲಿ 6 ಮಾಡಿ ಹೋಯಿತು. ಮುಖ್ಯ ಲೂಪ್‌ಗೆ ಅದರ ಅರಿವಿಲ್ಲ, ತನ್ನ ಕೈಯಲ್ಲಿರುವ 5ರಿಂದ ಒಂದು ಕಳೆದು 4 ಬರೆಯಿತು. ಇರಬೇಕಾದದ್ದು 5. ಒಂದು ಅಂಕಿ ಲೆಕ್ಕದಿಂದ ಬಿತ್ತು. ಆ ಕಿಂಡಿ ಒಂದೆರಡು ಇನ್‌ಸ್ಟ್ರಕ್ಷನ್‌ನಷ್ಟು ಕಿರಿದಾದ್ದರಿಂದಲೇ ನಿಮಗೆ ಗಂಟೆಗಟ್ಟಲೆ ಕಾಯಬೇಕಾಯಿತು. ವೊಲಟೈಲ್ ಎಂದರೆ ‘ಪ್ರತಿ ಸಲವೂ ಮೆಮೊರಿಯಿಂದಲೇ ಓದು, ಮೆಮೊರಿಗೇ ಬರೆ’ ಎಂದಷ್ಟೇ. ಮೂರು ಹೆಜ್ಜೆಗಳನ್ನು ಒಂದಾಗಿ ಕಟ್ಟಿಹಾಕುವ ಶಕ್ತಿ ಅದಕ್ಕಿಲ್ಲ.

ಎಣಿಕೆ--ನ ಮುಂಚೆ ಇಂಟರಪ್ಟ್ ಮುಚ್ಚಿ, ಆದ ಕೂಡಲೇ ತೆರೆದರೆ ಸಾಕು. 2011ರ ಸಿ ಮಾನಕದ ಅಟಾಮಿಕ್ ವೇರಿಯಬಲ್‌ಗಳಲ್ಲಿ ++ ಮತ್ತು -- ಒಡೆಯದ ಒಂದೇ ಕೆಲಸ, ಆದರೆ ನಿಮ್ಮ ಹಳೆಯ ಕಂಪೈಲರಿನಲ್ಲಿ ಅದನ್ನು ನೆಚ್ಚಬೇಡಿ.

ನಾನಾಗಿದ್ದರೆ ಎಣಿಕೆಯನ್ನೇ ತೆಗೆದುಹಾಕುತ್ತಿದ್ದೆ. ಎರಡು ಸೂಚಿಗಳು ಸಾಕು: ತುದಿಯನ್ನು ಇಂಟರಪ್ಟ್ ಮಾತ್ರ ಬರೆಯಲಿ, ಮುಂದೆ ತೆಗೆಯಬೇಕಾದ ಮನೆಯನ್ನು ತೋರಿಸುವ ಬುಡವನ್ನು ಮುಖ್ಯ ಲೂಪ್ ಮಾತ್ರ ಬರೆಯಲಿ. ಎರಡೂ ಒಂದೇ ಬೈಟ್ ಇರಲಿ, ಆಗ ಎಂಟು ಬಿಟ್ ಚಿಪ್‌ನಲ್ಲಿ ಅರ್ಧ ಓದಿದ ಬೆಲೆ ಸಿಗುವುದಿಲ್ಲ. ತುದಿ == ಬುಡ ಎಂದರೆ ಖಾಲಿ. (ತುದಿ + 1) % 8 == ಬುಡ ಎಂದರೆ ತುಂಬಿದೆ. ಒಂದು ಮನೆ ಸದಾ ಖಾಲಿ ಬಿಡಬೇಕು, ಏಳು ಅಂಕಿ ಹಿಡಿಸುತ್ತದೆ. ಪೆಟ್ಟಿಗೆಯನ್ನೂ ವೊಲಟೈಲ್ ಮಾಡಿ, ಅಂಕಿಯನ್ನು ಇಟ್ಟ ಮೇಲೆಯೇ ತುದಿಯನ್ನು ಸರಿಸಿ. ಇಲ್ಲವಾದರೆ ಕಂಪೈಲರ್ ಆ ಎರಡು ಸಾಲುಗಳನ್ನು ಅದಲು ಬದಲು ಮಾಡಬಹುದು.

ಹೊಸಕಲಿಕೆ:

ಕೊನೆಯ ಪ್ರಶ್ನೆ. ಈ ++ ಪಿಡಿಪಿ-11 ಎಂಬ ಹಳೆಯ ಕಂಪ್ಯೂಟರಿನ ತಾನಾಗಿ ಹೆಚ್ಚುವ ವಿಳಾಸ ವಿಧಾನದಿಂದ ಬಂದದ್ದು ಎಂದು ಹೇಳುತ್ತಾರೆ. ನಿಜವೇ?

ಅರ್ಧವಿರಾಮ:

ಕಾಲ ಹೊಂದುವುದಿಲ್ಲ. ++ ಮತ್ತು -- ಅನ್ನು ಕೆನ್ ಥಾಂಪ್ಸನ್ ಸಿ ಭಾಷೆಗೂ ಹಿಂದಿನ ಬಿ ಭಾಷೆಗೆ ತಂದರು, ಆಗ ಪಿಡಿಪಿ-11 ಇನ್ನೂ ಇರಲಿಲ್ಲ. ಇದನ್ನು ಸಿ ಭಾಷೆಯನ್ನು ರೂಪಿಸಿದ ಡೆನಿಸ್ ರಿಚಿಯವರೇ ಅದರ ಇತಿಹಾಸ ಬರೆಯುವಾಗ ಸ್ಪಷ್ಟಪಡಿಸಿದ್ದಾರೆ. ಅದಕ್ಕೂ ಹಿಂದಿನ ಪಿಡಿಪಿ-7 ಕಂಪ್ಯೂಟರಿನಲ್ಲಿ ತಾವಾಗಿಯೇ ಹೆಚ್ಚುವ ಕೆಲವು ಮೆಮೊರಿ ಕೋಶಗಳಿದ್ದವು, ಆ ಯೋಚನೆ ಅವುಗಳಿಂದ ಹೊಳೆದಿರಬಹುದು ಎಂಬುದು ಅವರ ಊಹೆ.

ತಾಪಮಾಪಿ:

ಎಣಿಕೆಯನ್ನು ತೆಗೆದು ತುದಿ, ಬುಡ ಎಂದು ಬರೆದೆ. ನಿನ್ನೆ ರಾತ್ರಿಯಿಂದ ನಿಲ್ಲದೆ ಓಡುತ್ತಿದೆ, ಒಂದು ಅಂಕಿಯೂ ತಪ್ಪಿಲ್ಲ. ‘ವಾಲ್’ ಹಾಕಿ ಉಳಿದ ಫೈಲುಗಳನ್ನೂ ಕಂಪೈಲ್ ಮಾಡಿದೆ. ಪರದೆಗೆ ಬರೆಯುವ ಫೈಲಿನಲ್ಲಿ ಸಾಲು = ಸಾಲು++ % 4 ಎಂದು ಇನ್ನೊಂದು ಸಿಕ್ಕಿತು. ಆ ಪರದೆಯ ಮೊಟ್ಟಮೊದಲ ಸಾಲು ಯಾಕೆ ಯಾವಾಗಲೂ ಹಳೆಯದಾಗಿರುತ್ತದೆ ಎಂದು ಆರು ತಿಂಗಳಿಂದ ಪರದೆಯನ್ನೇ ಬೈಯುತ್ತಿದ್ದೆ.