ಸಹಾಯ ಬೇಕು: ಸಮುದ್ರದಲ್ಲಿ ದಿಕ್ಕು ತಪ್ಪದೆ ಈಜುವುದು ಹೇಗೆ?

ಎಲ್ಲರಿಗೂ ನಮಸ್ಕಾರ. 25 ಮೀಟರ್ ಕೊಳದಲ್ಲಿ ಒಂದೂವರೆ ಕಿಲೋಮೀಟರ್ ಫ್ರೀಸ್ಟೈಲ್ ಅನ್ನು ನಿಲ್ಲದೆ ಈಜಬಲ್ಲ ನಾನು, ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ, ಮಂಗಳೂರಿನ ತಣ್ಣೀರುಬಾವಿಯಲ್ಲಿ ಅನುಭವಿಗಳ ಜೊತೆ ದಡಕ್ಕೆ ಸಮಾನಾಂತರವಾಗಿ ಈಜಲು ಆರಂಭಿಸಿದ್ದೇನೆ. ಕೊಳದ ತಳದ ಕಪ್ಪು ಗೆರೆ ಇಲ್ಲಿಲ್ಲದ ಕಾರಣ, ಬಲಕ್ಕೆ ಮಾತ್ರ ಉಸಿರೆಳೆಯುವ ನಾನು ಗೊತ್ತಾಗದಂತೆ ಒಂದೇ ಬದಿಗೆ ಸರಿಯುತ್ತಾ ಹೋಗುತ್ತೇನೆ. ಉತ್ತರಕ್ಕೆ ಹೋಗುವಾಗ ಬಲಗಡೆ ದಡ ಕಾಣುವುದರಿಂದ ಹೇಗೋ ನಡೆಯುತ್ತದೆ; ದಕ್ಷಿಣಕ್ಕೆ ಮರಳುವಾಗ ಮಾತ್ರ ಪಡುವಣದ ಅಲೆ ನೇರವಾಗಿ ಬಾಯಿಗೇ ಬಡಿಯುತ್ತದೆ.

ದಿಕ್ಕು ನೋಡಲು ತಲೆ ಎತ್ತಿದೊಡನೆ ಸೊಂಟವೂ ಕಾಲೂ ಮುಳುಗಿ ವೇಗ ಕುಸಿಯುತ್ತದೆ. ಮೊಸಳೆಯ ಹಾಗೆ ಕಣ್ಣಷ್ಟನ್ನೇ ನೀರಿನ ಮೇಲೆ ತಂದು, ಕೂಡಲೇ ಪಕ್ಕಕ್ಕೆ ಹೊರಳಿ ಉಸಿರು ತೆಗೆದುಕೊಳ್ಳಬೇಕೆಂದು ತಿಳಿದಿದ್ದರೂ, ಅಲೆಯ ತಗ್ಗಿನಲ್ಲಿದ್ದಾಗ ನೋಡಿದರೆ ಮುಂದಿನ ಅಲೆಯ ಹೊರತು ಬೇರೇನೂ ಕಾಣುವುದಿಲ್ಲ. ಅಲೆಯ ನೆತ್ತಿಗೆ ಏರಿದ ಕ್ಷಣವನ್ನು ನೀವು ಹೇಗೆ ಗುರುತಿಸುತ್ತೀರಿ? ಎಷ್ಟು ಕೈಬೀಸಿಗೊಮ್ಮೆ ನೋಡುವುದು ಸೂಕ್ತ? ದಡದ ಗಾಳಿಮರಗಳೆಲ್ಲ ನೀರಿನಿಂದ ಒಂದೇ ಸಾಲಾಗಿ ಕಾಣುತ್ತವೆ, ಹಾಗಾಗಿ ಗುರಿಗೆ ಏನನ್ನು ಹಿಡಿಯಬೇಕು? ಎಡಕ್ಕೂ ಉಸಿರಾಡುವುದನ್ನು ಕೊಳದಲ್ಲೇ ರೂಢಿಸಿಕೊಳ್ಳುವ ಅಭ್ಯಾಸಗಳಿದ್ದರೆ ಅವನ್ನೂ ದಯವಿಟ್ಟು ತಿಳಿಸಿ. ಕಡಲಿನಲ್ಲಿ ಈಜಿ ಪಳಗಿದವರ ಉತ್ತರಗಳಿಗೆ ಕಾಯುತ್ತಿರುತ್ತೇನೆ.